ಸಂಕ್ರಾಂತಿಯಿಂದ ಅಶ್ವಿನಿ ಮಳೆಯವರೆಗೆ: ಸೊಪ್ಪಿನ ಬೆಟ್ಟದ ಕೆಲಸ ಮಾಡುವ ಬಗೆ

ಚಳಿ ಬಿಡುವ ಹೊತ್ತಿಗೆ ಮಲೆನಾಡಿನ ಬೆಟ್ಟದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಮತ್ತಿ, ಕಿಂದಳ, ನಂದಿಯ ಎಲೆ ಉದುರಿ ನೆಲವೆಲ್ಲ ಒಣ ದರಕು ಆಗುತ್ತದೆ. ಅದೇ ವಾರಗಳಲ್ಲಿ ಹಕ್ಕಿಗಳು ಮೊಟ್ಟೆ ಇಡಲು ಹೊರಡುತ್ತವೆ. ತೋಟಕ್ಕೆ ದರಕು ಬೇಕು, ಬೆಂಕಿಯ ಭಯಕ್ಕೆ ನೆಲ ಚೊಕ್ಕ ಆಗಬೇಕು. ಕೆಲಸ ತಡವಾದರೆ ಗೂಡಿನ ಮೇಲೆಯೇ ಹಲುಬೆ, ಅಂದರೆ ದರಕು ಎಳೆಯುವ ಹಲ್ಲಿನ ಸಲಕರಣೆ, ಎಳೆದಂತಾಗುತ್ತದೆ. ಆದ್ದರಿಂದ ಲೆಕ್ಕ ಹೀಗಿರಲಿ: ನೆಲ ಮುಟ್ಟುವ ದೊಡ್ಡ ಕೆಲಸವೆಲ್ಲ ಶಿವರಾತ್ರಿಯೊಳಗೆ ಮುಗಿಯಬೇಕು. ಆಮೇಲೆ ಬೆಂಕಿ ರೇಖೆ (ಬೆಂಕಿ ದಾಟದಂತೆ ಗುಡಿಸಿಟ್ಟ ಪಟ್ಟಿ) ಕಾಯುವುದು, ಬೀಜ ಆರಿಸುವುದು, ನೋಡಿಕೊಂಡು ತಿರುಗುವುದು, ಇಷ್ಟೇ.

ಇಲ್ಲಿ ಹೇಳುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅಡಿಕೆ ತೋಟಕ್ಕೆ ಅಂಟಿದ ಸೊಪ್ಪಿನ ಬೆಟ್ಟವನ್ನು, ಅಂದರೆ ತೋಟಕ್ಕೆ ಸೊಪ್ಪು, ದರಕು ಒದಗಿಸುವ ಕಾಡನ್ನು, ಕಣ್ಣ ಮುಂದೆ ಇಟ್ಟುಕೊಂಡು. ಸಾಗರ, ತೀರ್ಥಹಳ್ಳಿ ಕಡೆಯ ಕಾನಂಚಿನ ಜಾಗಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ. ಒಂದು ಮಾತು ಮೊದಲೇ: ಬೆಟ್ಟ ಅನುಭವಕ್ಕೆ ತೋಟದವರದು, ಒಡೆತನ ಸರ್ಕಾರದ್ದು. ದರಕು, ಸೊಪ್ಪು ಸ್ವಂತ ಬಳಕೆಗೆ ತರಬಹುದು. ಒಣಗಿ ನಿಂತ ಮರವೇ ಆದರೂ ಕಡಿಯುವ ಮುಂಚೆ ವಲಯ ಅರಣ್ಯಾಧಿಕಾರಿಯ ಅನುಮತಿ ಬೇಕು.

ಉಣುಗಿನ ಎಚ್ಚರ ಮೊದಲು

ಮಂಗನ ಕಾಯಿಲೆಯ ಕಾಲ ಮತ್ತು ದರಕು ಗುಡಿಸುವ ಕಾಲ ಎರಡೂ ಒಂದೇ: ಡಿಸೆಂಬರಿನಿಂದ ಮೇವರೆಗೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗವನ್ನು ಹರಡುವುದು ಉಣುಗಿನ ಮರಿಗಳು. ಅವು ಎಳ್ಳಿಗಿಂತ ಸಣ್ಣವು, ಒಣ ಎಲೆಯ ಅಡಿಯಲ್ಲಿ ಇರುತ್ತವೆ, ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ನಿಲ್ಲಿಸಿದ್ದಾರೆ. ಹಾಗಾಗಿ ಕಚ್ಚಿಸಿಕೊಳ್ಳದೆ ಇರುವುದೇ ದಾರಿ.

ಉದ್ದ ತೋಳಿನ ಅಂಗಿ, ಪ್ಯಾಂಟು ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ ಉಣುಗು ಕಾಣುತ್ತದೆ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಕೈ, ಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ, ಕಣ್ಣು ಬಾಯಿಗೆ ತಾಗದಿರಲಿ. ಹಚ್ಚಿಕೊಂಡದ್ದು ಬೆವರಿಗೆ ಹೋಗುತ್ತದೆ, ಕೈಕಾಲು ತೊಳೆದರೂ ಹೋಗುತ್ತದೆ, ಮತ್ತೆ ಹಚ್ಚಬೇಕು. ದರಕಿನ ರಾಶಿಯ ಮೇಲೆ ಕುಳಿತು ಕವಳ (ಎಲೆಯಡಿಕೆ) ಹಾಕುವ ಅಭ್ಯಾಸ ಬಿಡಿ. ಅಪಾಯ ಅಲ್ಲೇ ಹೆಚ್ಚು. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಕುದಿ ನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರಿನಲ್ಲಿ ಸ್ನಾನ ಮಾಡಿ, ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿಕೊಳ್ಳಿ. ಹತ್ತಿದ ಉಣುಗನ್ನು ಚಿಮಟಿಗೆಯಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಬೇಕು. ಚಿಮಣಿ ಎಣ್ಣೆ, ಬೀಡಿ ಕೆಂಡ ಯಾವುದೂ ಬೇಡ.

ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಹೂಳಲೂ ಬೇಡಿ. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಸುತ್ತಲ ನೆಲದಲ್ಲೇ ಇರುತ್ತವೆ. ಆ ದಿಕ್ಕಿನ ಕೆಲಸ ನಿಲ್ಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ. ಆ ಜಾಗದ ದರಕು ಆ ವರ್ಷ ಕೊಟ್ಟಿಗೆಗೆ ಬರಬಾರದು. ಬೆಟ್ಟಕ್ಕೆ ಹೋಗಿ ಬಂದ ಮೂರರಿಂದ ಎಂಟು ದಿನದೊಳಗೆ ಜೋರು ಜ್ವರ, ತಲೆನೋವು, ಮೈ ಮುರಿಯುವಂಥ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಬೆಟ್ಟದ ಕೆಲಸ ಮಾಡಿದ್ದನ್ನು ಹೇಳಿ. ಈ ರೋಗದಲ್ಲಿ ರಕ್ತಸ್ರಾವದ ಅಪಾಯ ಇರುವುದರಿಂದ ಆಸ್ಪಿರಿನ್‌ನಂಥ ಮಾತ್ರೆಯನ್ನು ತಾವಾಗಿ ನುಂಗುವುದು ಸರಿಯಲ್ಲ.

ದರಕು ಗುಡಿಸುವುದು

ಬೆಟ್ಟ ಬೋಳಾಗಲು ಕೊಡಲಿಯಷ್ಟೇ ಕಾರಣ ಹಲುಬೆಯೂ ಹೌದು. ವರ್ಷಾ ವರ್ಷಾ ನೆಲವನ್ನು ಕನ್ನಡಿಯಂತೆ ಗುಡಿಸಿದರೆ ಬಿದ್ದ ಬೀಜ ಹೋಗುತ್ತದೆ, ಮೊಳೆತ ಸಸಿ ಕಿತ್ತುಬರುತ್ತದೆ, ಮೊದಲ ಜಡಿಮಳೆಗೆ ಮೇಲ್ಮಣ್ಣು ತೊಳೆದು ಹೋಗುತ್ತದೆ. ಹಳೆ ಮರ ಸತ್ತ ಜಾಗಕ್ಕೆ ಹೊಸತು ಬರುವುದೇ ಇಲ್ಲ.

ಹಲುಬೆ ಹಿಡಿಯುವ ಮೊದಲು ಒಂದು ದಿನ ಬರೀ ಸಸಿ ಗುರುತಿಸಲು ಇಡಿ. ಹೊನ್ನೆ, ಮತ್ತಿ, ನಂದಿ, ಬೀಟೆ, ಮುರುಗಲು ಯಾವುದೇ ಆಗಲಿ, ತಾನಾಗಿ ಹುಟ್ಟಿದ ಸಸಿಯ ಪಕ್ಕ ಎರಡು ಅಡಿಯ ಬಿದಿರು ಗೂಟ ನೆಟ್ಟು ಬಿಳಿ ಬಟ್ಟೆಯ ಚೂರು ಕಟ್ಟಿ. ಕೆಲಸದವರಿಗೆ ಬಾಯಲ್ಲಿ ಹೇಳಿದ್ದು ಅರ್ಧ ಗಂಟೆಗೆ ಮರೆಯುತ್ತದೆ, ಬಟ್ಟೆ ಕಾಣುತ್ತಿದ್ದರೆ ಕೈ ತಾನಾಗಿ ತಡೆಯುತ್ತದೆ.

ಇಳಿಜಾರಿಗೆ ಅಡ್ಡವಾಗಿ, ಅಂದರೆ ಸಮಪಾತಳಿಯಲ್ಲಿ, ಹನ್ನೆರಡರಿಂದ ಹದಿನೈದು ಅಡಿ ಅಗಲದ ಪಟ್ಟಿ ಮಾಡಿಕೊಳ್ಳಿ. ಒಂದು ಪಟ್ಟಿ ಗುಡಿಸಿ, ಮುಂದಿನದನ್ನು ಬಿಡಿ, ಅದರಾಚೆಯದನ್ನು ಗುಡಿಸಿ. ಮರುವರ್ಷ ಅದಲು ಬದಲು. ಹೀಗೆ ಮಾಡಿದರೆ ಅರ್ಧ ದರಕು ಸಿಗುತ್ತದೆ, ಹೌದು. ಆದರೆ ಬಿಟ್ಟ ಪಟ್ಟಿ ಮಳೆನೀರನ್ನು ತಡೆದು ಇಂಗಿಸುತ್ತದೆ, ಕಪ್ಪೆ ಹುಳುಹುಪ್ಪಟೆಗೆ ತಂಪು ನೆಲ ಉಳಿಯುತ್ತದೆ. ಗುಡಿಸಿದ ಪಟ್ಟಿ ಅಕಸ್ಮಾತ್ ಬೆಂಕಿ ಬಂದರೆ ಅದರ ಓಟವನ್ನು ಕಡಿಮೆ ಮಾಡುತ್ತದೆ. ಮೇಲು ಇಳಿಜಾರಾಗಿ, ನೀರು ಓಡುವ ದಿಕ್ಕಿಗೆ ಪಟ್ಟಿ ಎಳೆದರೆ ಎರಡೂ ಲಾಭ ಹೋಗಿ ಕೊರಕಲು ಬೀಳುತ್ತದೆ.

ಬಿದಿರು ಹಲ್ಲಿನ ಹಲುಬೆ ಸಾಕು. ಕಬ್ಬಿಣದ್ದು ಬೇರು ಎಬ್ಬಿಸುತ್ತದೆ. ಈ ವರ್ಷದ ಒಣ ಎಲೆ ಮಾತ್ರ ಬರಲಿ. ಅಡಿಯ ಕಪ್ಪು, ಅರೆಕೊಳೆತ ಪದರ ಬೆಟ್ಟದ ಗೊಬ್ಬರ, ಅದು ಅಲ್ಲೇ ಇರಲಿ. ಇಬ್ಬನಿ ಆರುವ ಮುಂಚೆ, ಬೆಳಿಗ್ಗೆ ಎಂಟೂವರೆಯೊಳಗೆ ಗುಡಿಸಿದರೆ ಎಲೆ ಪುಡಿಯಾಗುವುದಿಲ್ಲ, ಹೆಡಿಗೆಯಲ್ಲಿ ಒತ್ತಿ ತುಂಬಬಹುದು, ಧೂಳೂ ಕಡಿಮೆ. ಹೊಳೆಯಂಚಿನ ಮೂವತ್ತು ಅಡಿ ಮತ್ತು ದೊಡ್ಡ ಪೊಟರೆ ಮರಗಳ ಬುಡವನ್ನು ಮುಟ್ಟಬೇಡಿ.

ಹಸಿ ಸೊಪ್ಪು ಬೇಕಿದ್ದವರು ಅದನ್ನು ಜನವರಿಯೊಳಗೆ ಮುಗಿಸಿರಬೇಕು. ಫೆಬ್ರವರಿ ಕೊನೆಯಿಂದ ಮರ ಒಳಗೆ ಕೂಡಿಟ್ಟದ್ದನ್ನೆಲ್ಲ ಚಿಗುರಿಗೆ ಸುರಿಯುತ್ತದೆ. ಆಗ ಕಡಿದರೆ ಮತ್ತೆ ಚಿಗುರಲು ಶಕ್ತಿ ಉಳಿಯುವುದಿಲ್ಲ, ಎರಡು ಮೂರು ವರ್ಷ ಹೀಗೆ ಮಾಡಿದ ಮರ ತುದಿಯಿಂದ ಒಣಗುತ್ತಾ ಬರುತ್ತದೆ. ಕಡಿಯುವಾಗಲೂ ತುದಿಯ ಮೂರನೇ ಒಂದು ಭಾಗ ಬಿಡಿ, ಮಣಿಕಟ್ಟಿಗಿಂತ ದಪ್ಪದ ಟೊಂಗೆಗೆ ಕತ್ತಿ ಹಾಕಬೇಡಿ. ಮೊದಲು ಅಡಿಯಿಂದ ಒಂದು ಕಚ್ಚು ಕೊಟ್ಟು ಆಮೇಲೆ ಮೇಲಿಂದ ಕಡಿದರೆ ಸಿಪ್ಪೆ ಸೀಳುವುದಿಲ್ಲ.

ಬೆಂಕಿ ರೇಖೆ

ಕಾಳ್ಗಿಚ್ಚು ತಾನಾಗಿ ಹುಟ್ಟುವುದು ನಮ್ಮಲ್ಲಿ ಇಲ್ಲವೆನ್ನುವಷ್ಟು ಅಪರೂಪ. ದಾರಿ ಬದಿಯ ಬೀಡಿ ತುಂಡು, ಗೇರುಬೀಜ ಆರಿಸಲು ಅಥವಾ ಹೊಸ ಹುಲ್ಲಿಗಾಗಿ ಹಚ್ಚಿದ್ದು, ತೋಟದ ಕಸಕ್ಕೆ ಇಟ್ಟು ಮರೆತದ್ದು, ವಿದ್ಯುತ್ ತಂತಿಗೆ ತಾಗಿದ ಟೊಂಗೆ. ಆದ್ದರಿಂದ ರೇಖೆ ಮೊದಲು ಬರಬೇಕಾದ್ದು ರಸ್ತೆ, ಕಾಲುದಾರಿ, ಬೇಣದ (ಹುಲ್ಲುಗಾವಲಿನ) ಅಂಚು ಮತ್ತು ತಂತಿಯ ಅಡಿಯಲ್ಲಿ. ಎಲ್ಲ ಗಡಿಗೂ ಒಂದೇ ಅಳತೆ ಹಿಡಿದು ಆಳು ದಂಡ ಮಾಡಬೇಡಿ.

ಮರದಡಿ ಬರೀ ದರಕು ಇರುವಲ್ಲಿ ಎಂಟರಿಂದ ಹತ್ತು ಅಡಿ ಅಗಲ ಸಾಕು. ಸೊಂಟದೆತ್ತರ ಕರಡ ನಿಂತ ಬೇಣದ ಬದಿಗೆ ಹದಿನೈದರಿಂದ ಇಪ್ಪತ್ತು ಅಡಿ ಬೇಕು, ಏಕೆಂದರೆ ಒಣ ಹುಲ್ಲಿನ ಜ್ವಾಲೆ ಗಾಳಿಗೆ ಮಲಗಿ ಮುಂದಕ್ಕೆ ನಾಲಿಗೆ ಚಾಚುತ್ತದೆ. ಮೊದಲು ಕುರುಚಲು, ಹುಲ್ಲನ್ನು ನೆಲಮಟ್ಟಕ್ಕೆ ಸವರಿ. ಆಮೇಲೆ ಮಣ್ಣು ಕಾಣುವ ತನಕ ಗುಡಿಸಿ. ಅರ್ಧ ಇಂಚು ದರಕು ಉಳಿದರೂ ಬೆಂಕಿ ಅದರೊಳಗೆ ಹೊಗೆಯಾಡುತ್ತ ದಾಟುತ್ತದೆ. ನೆಲಕ್ಕೆ ಜೋತ ಬಳ್ಳಿ, ಒಣ ಟೊಂಗೆಗಳನ್ನು ಏಳೆಂಟು ಅಡಿ ಎತ್ತರದವರೆಗೆ ತೆಗೆಯಿರಿ, ಬೆಂಕಿ ಮರ ಹತ್ತುವ ಏಣಿ ಅವೇ. ಮೇಲಿನ ಹಸಿರು ಕೊಡೆಯನ್ನು ಮಾತ್ರ ಬಿಡಿ. ನೆರಳಿದ್ದರೆ ರೇಖೆಯಲ್ಲಿ ಹುಲ್ಲು ಬೆಳೆಯುವುದಿಲ್ಲ.

ಗುಡಿಸಿದ್ದನ್ನು ರೇಖೆಯ ಅಂಚಿಗೆ ದಿಣ್ಣೆಯಾಗಿ ಒಟ್ಟುವುದು ಸಾಮಾನ್ಯ ತಪ್ಪು. ಅದು ಬೆಂಕಿಗೆ ಕಟ್ಟಿಕೊಟ್ಟ ಸೌದೆ ರಾಶಿ. ತೋಟಕ್ಕೆ ಹೊರಿಸಿ, ಆಗದಿದ್ದರೆ ಒಳಭಾಗದಲ್ಲಿ ಐವತ್ತು ಅಡಿ ದೂರಕ್ಕೆ ತೆಳುವಾಗಿ ಹರಡಿ.

ಇಳಿಜಾರಿನಲ್ಲಿ ಜಾಗ ಆರಿಸುವುದೇ ಅರ್ಧ ಕೆಲಸ. ಬೆಂಕಿ ಏರಿಗೆ ಓಡುತ್ತದೆ, ಏರು ಹತ್ತು ಡಿಗ್ರಿ ಹೆಚ್ಚಾದರೆ ಓಟ ಸುಮಾರು ಇಮ್ಮಡಿ ಎಂದು ಲೆಕ್ಕ ಹಿಡಿಯುತ್ತಾರೆ. ಏರಿನ ನಟ್ಟನಡುವೆ ಎಳೆದ ರೇಖೆ ಆ ರಭಸ ತಡೆಯುವುದು ಕಷ್ಟ. ದಿಬ್ಬದ ನೆತ್ತಿ ದಾಟಿ ಆಚೆ ಬದಿಗೆ ಹತ್ತಿಪ್ಪತ್ತು ಅಡಿ ಇಳಿದಲ್ಲಿ ರೇಖೆ ಇದ್ದರೆ ಬೆಂಕಿ ನೆತ್ತಿಯಲ್ಲಿ ಸುಸ್ತಾದ ಮೇಲೆ ಸಿಗುತ್ತದೆ. ಮೇಲಿನ ಬದಿಯಿಂದ ಬೆಂಕಿ ಇಳಿಯುವ ಜಾಗವಾದರೆ ಉರಿವ ಮರದ ಕುಂಟೆ (ತುಂಡು), ಕಾಯಿ ಉರುಳಿ ಬಂದು ದಾಟುತ್ತವೆ. ಅಲ್ಲಿ ರೇಖೆಯ ಕೆಳ ಅಂಚಿಗೆ ಒಂದು ಅಡಿ ಆಳದ ಚರಂಡಿ ತೆಗೆದು ಮಣ್ಣನ್ನು ಕೆಳಬದಿಗೆ ಏರಿ ಹಾಕಿ.

ಜನವರಿಯಲ್ಲಿ ಒಮ್ಮೆ ಗುಡಿಸಿ ಕೈ ತೊಳೆದುಕೊಂಡವರ ಬೆಟ್ಟವೇ ಮಾರ್ಚಿನಲ್ಲಿ ಉರಿಯುವುದು. ಮತ್ತಿಯ ಎಲೆ ಬಹುಪಾಲು ಉದುರುವುದೇ ಫೆಬ್ರವರಿ, ಮಾರ್ಚಿನಲ್ಲಿ. ರೇಖೆಯನ್ನು ಹತ್ತು ಹನ್ನೆರಡು ದಿನಕ್ಕೊಮ್ಮೆ ಮತ್ತೆ ಗುಡಿಸಬೇಕು, ಒಟ್ಟು ನಾಲ್ಕೈದು ಸುತ್ತು. ಮೊದಲ ಸುತ್ತು ಮಾತ್ರ ಭಾರ, ಉಳಿದವು ಹಗುರ. ರೇಖೆಯನ್ನು ಬೆಂಕಿ ಹಚ್ಚಿ ಚೊಕ್ಕ ಮಾಡುವ ಯೋಚನೆ ಬೇಡ. ಇಲಾಖೆಯವರು ಹಾಗೆ ಮಾಡುವಾಗ ಆಳು, ನೀರು, ಗಾಳಿಯ ಲೆಕ್ಕ ಎಲ್ಲ ಇರುತ್ತದೆ. ಉಳಿದವರು ಹಚ್ಚಿದರೆ ಕೈಮೀರುವುದಲ್ಲದೆ ಅರಣ್ಯ ಅಪರಾಧವೂ ಆಗುತ್ತದೆ.

ಯುಪಟೋರಿಯಂ, ಅಂದರೆ ಊರವರ ಕಮ್ಯುನಿಸ್ಟ್ ಗಿಡ, ಈ ಹೊತ್ತಿಗೆ ಒಣಗಿ ಬತ್ತಿಯಂತೆ ನಿಂತಿರುತ್ತದೆ. ರೇಖೆಯಲ್ಲಿ ಇರುವುದನ್ನು ತೆಗೆಯಲೇಬೇಕು. ಬೆಟ್ಟದೊಳಗಿನದನ್ನು ಈಗ ಕಡಿದರೆ ಅರಳೆಯಂಥ ಬೀಜ ಕೊಡವಿ ಊರೆಲ್ಲ ಬಿತ್ತಿದಂತೆ. ಅದಕ್ಕೆ ಸರಿಯಾದ ಕಾಲ ಹೂವಿಗೆ ಮುಂಚೆ, ಅಕ್ಟೋಬರ್ ನವೆಂಬರಿನಲ್ಲಿ. ಲಂಟಾನವೂ ದಟ್ಟ ಇಂಧನವೇ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಒಣ ಲಂಟಾನದ ಪೊದೆಗಳ ಮಾತು ಎಲ್ಲೆಡೆ ಕೇಳಿತ್ತು. ಅದನ್ನು ಬುಡ ಸವರಿದರೆ ದುಪ್ಪಟ್ಟು ಚಿಗುರುತ್ತದೆ. ಪಿಕಾಸಿಯಿಂದ ನೆಲದ ಅಡಿ ಒಂದೆರಡು ಇಂಚಿನಲ್ಲಿ ತಾಯಿಬೇರು ಕತ್ತರಿಸಿ, ಇಡೀ ಗಿಡವನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ರೂಢಿಗೆ ತಂದ ವಿಧಾನ ಇದು. ಬಿಸಿಲಿಗೆ ಗಟ್ಟಿಯಾದ ಜಂಬಿಟ್ಟಿಗೆ ನೆಲದಲ್ಲಿ ಬೇರು ಮಧ್ಯಕ್ಕೆ ತುಂಡಾಗುತ್ತದೆ, ಆದ್ದರಿಂದ ದೊಡ್ಡ ಪೊದೆಗಳನ್ನು ಮಳೆ ಬಿದ್ದು ಮಣ್ಣು ಸಡಿಲವಾದ ಮೇಲೆ ಹಿಡಿಯುವುದು ಜಾಣತನ.

ಬೆಂಕಿ ಬಂದೇ ಬಿಟ್ಟರೆ

ಶಿವರಾತ್ರಿಗೆ ಮುಂಚೆಯೇ ಹದಿನಾರು ಲೀಟರಿನ ಬೆನ್ನಿನ ಪಂಪು ಎರಡು, ಕತ್ತಿ, ಗುದ್ದಲಿ, ಟಾರ್ಚು, ಕುಡಿಯುವ ನೀರಿನ ಕ್ಯಾನು ಒಂದೇ ಜಾಗದಲ್ಲಿ ಇರಲಿ. ಪಂಪಿನ ವಾಷರ್ ಈಗಲೇ ನೋಡಿ. ಅರಣ್ಯ ಸಹಾಯವಾಣಿ 1926, ತುರ್ತಿಗೆ 112. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ಉಪಗ್ರಹದಿಂದ ಕಂಡ ಬೆಂಕಿಯ ಸೂಚನೆಯನ್ನು ನೋಂದಾಯಿಸಿದವರ ಮೊಬೈಲಿಗೆ ಕಳಿಸುತ್ತಾರೆ. ಆದರೆ ಉಪಗ್ರಹ ಹಾದುಹೋಗುವಾಗ ಕಂಡದ್ದಷ್ಟೇ ಬರುತ್ತದೆ, ಎದುರು ಗುಡ್ಡದ ಮನೆಯವರ ಫೋನ್ ಅದಕ್ಕಿಂತ ಬೇಗ.

ಹತ್ತಿ ಬಟ್ಟೆಯೇ ಬೇಕು, ನೈಲಾನ್, ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಬೆಂಕಿಯ ಮೇಲಿನ ಏರಿನಲ್ಲಿ ಯಾರೂ ನಿಲ್ಲಬಾರದು. ಎದುರಿಗೂ ಹೋಗಬಾರದು. ಬೆಂಕಿಯ ಬಾಲದ, ಅಂದರೆ ಹಿಂಬದಿಯ, ಕಡೆಯಿಂದ ಶುರುಮಾಡಿ, ಸುಟ್ಟು ಕರಕಲಾದ ನೆಲವನ್ನು ಬೆನ್ನಿಗೆ ಇಟ್ಟುಕೊಂಡು ಪಕ್ಕೆಯುದ್ದಕ್ಕೂ ಆರಿಸುತ್ತ ಮುಂದೆ ಹೋಗಬೇಕು. ಕರಕಲು ನೆಲವೇ ತಪ್ಪಿಸಿಕೊಳ್ಳುವ ಜಾಗ. ಹಸಿ ಎಲೆಯ ಟೊಂಗೆಯನ್ನು ಎತ್ತಿ ಬಡಿದರೆ ಕಿಡಿ ಹಾರಿ ಹಿಂದೆ ಹತ್ತುತ್ತದೆ. ಬೆಂಕಿಯ ಮೇಲೆ ಒತ್ತಿ, ಸುಟ್ಟ ಕಡೆಗೆ ಎಳೆಯಬೇಕು. ಪಂಪಿನ ನೀರನ್ನು ಜ್ವಾಲೆಗೆ ಸುರಿದರೆ ವ್ಯರ್ಥ, ಬುಡಕ್ಕೆ ಬಿಡಿ. ಜ್ವಾಲೆ ಎದೆಯೆತ್ತರ ದಾಟಿದರೆ ಕೈಯಿಂದ ಆಗುವ ಕೆಲಸ ಅಲ್ಲ. ಹಿಂದೆ ಸರಿದು ಮುಂದಿನ ರೇಖೆಯಲ್ಲಿ ಕಾಯಿರಿ. ಗಾಳಿ ಇಳಿದು ತಂಪು ಏರುವ ಸಂಜೆಯ ಮೇಲೆ ಅದೇ ಬೆಂಕಿ ಮಣಿಯುತ್ತದೆ.

ಆರಿತು ಎಂದು ಮನೆಗೆ ಹೋದ ಮೇಲೆಯೇ ಎರಡನೇ ಬೆಂಕಿ ಏಳುವುದು. ಪೊಟರೆ ಮರ, ಹಳೆ ಕುಂಟೆ, ಬಿದಿರು ಮೆಳೆಯ ಬುಡದಲ್ಲಿ ಕೆಂಡ ಎರಡು ದಿನ ಉಳಿಯುತ್ತದೆ. ಅಂಚಿನ ಐವತ್ತು ಅಡಿಯೊಳಗೆ ಇರುವ ಪ್ರತಿ ಕುಂಟೆಯ ಹತ್ತಿರ ಮುಂಗೈ ಹಿಂಬದಿ ಹಿಡಿದು ಬಿಸಿ ನೋಡಿ. ಬಿಸಿ ಇದ್ದರೆ ಅಗೆದು, ಮಣ್ಣು ಬೆರೆಸಿ, ನೀರು ಹಾಕಿ ಕಲಸಿ.

ಗೂಡಿನ ಗುರುತು ತಿಳಿದಿರಲಿ

ಮಲಬಾರ್ ಬೂದು ಮಂಗಟ್ಟೆ ಜನವರಿಯಿಂದ ಮೇ ನಡುವೆ ಮರಿ ಮಾಡುತ್ತದೆ. ಹೆಣ್ಣು ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮೆತ್ತಿಕೊಂಡು ವಾರಗಟ್ಟಲೆ ಹೊರಬರುವುದಿಲ್ಲ, ಗಂಡು ತಂದ ಹಣ್ಣೇ ಅದಕ್ಕೂ ಮರಿಗೂ ಆಧಾರ. ಗಂಡು ಹೆದರಿ ದೂರ ಉಳಿದಷ್ಟು ಹೊತ್ತು ಒಳಗೆ ಉಪವಾಸ. ಒಂದೇ ಮರಕ್ಕೆ ಮತ್ತೆ ಮತ್ತೆ ಬರುವ ಗಂಡು, ಬುಡದಲ್ಲಿ ಚೆಲ್ಲಿದ ಹಿಕ್ಕೆ ಮತ್ತು ಹಣ್ಣಿನ ಬೀಜ ಕಂಡರೆ ಗೂಡು ಅಲ್ಲಿದೆ. ಸುತ್ತಲ ನೂರೈವತ್ತು ಅಡಿಯಲ್ಲಿ ಮೇ ಮುಗಿಯುವ ತನಕ ಕೆಲಸ ಬೇಡ.

ಒಣಗಿ ನಿಂತ ಮರದ ಬುಡದಲ್ಲಿ ಹೊಸ ಮರದ ಪುಡಿ, ಚಕ್ಕೆ ಬಿದ್ದಿದ್ದರೆ ಮೇಲೆ ಕುಟ್ರುಹಕ್ಕಿ ಅಥವಾ ಮರಕುಟಿಗ ತೂತು ಕೊರೆಯುತ್ತಿದೆ. ಸತ್ತ ಮರವನ್ನು ಸೌದೆಯೆಂದೇ ನೋಡುವ ಕಣ್ಣಿಗೆ ಇದು ಕಾಣುವುದಿಲ್ಲ. ಎಕರೆಗೆ ಎರಡು ಮೂರಾದರೂ ಒಣಮರ ನಿಂತಿರಲಿ, ದಾರಿಯ ಮೇಲೆ ಬೀಳುವಂಥವು ಬೇರೆ ಮಾತು.

ನೆಲದ ಗೂಡುಗಳೇ ಹೆಚ್ಚು ಹಾಳಾಗುವುದು. ಕಾಡುಕೋಳಿ ಪೊದೆಯ ಬುಡದಲ್ಲಿ ನೆಲ ಕೆದರಿ ಮೊಟ್ಟೆ ಇಡುತ್ತದೆ. ನತ್ತಿಂಗ ಗೂಡೇ ಕಟ್ಟದೆ ಎರಡು ಮೊಟ್ಟೆಗಳನ್ನು ದರಕಿನ ಮೇಲೆ ಇಟ್ಟು, ಕಾಲು ತಾಗುವ ತನಕ ಏಳುವುದಿಲ್ಲ. ಕಾಲಡಿಯಿಂದ ಹಕ್ಕಿ ಹಾರಿದರೆ ನಿಂತಲ್ಲೇ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ, ಗೂಡಿನ ಸುತ್ತಲೂ ಹದಿನೈದು ಅಡಿ ಬಿಡಿ. ಗುರುತಿಗೆ ಗೂಡಿನ ಪಕ್ಕವೇ ಗೂಟ ನೆಟ್ಟರೆ ಕಾಗೆಗೂ ನಾಯಿಗೂ ದಾರಿ ತೋರಿಸಿದಂತೆ.

ಮಾರ್ಚಿನಿಂದ ಕಾಳಿಂಗ ಸರ್ಪಗಳ ಕೂಡುವ ಕಾಲ, ಗಂಡುಗಳು ಹೆಣ್ಣಿನ ವಾಸನೆ ಹಿಡಿದು ಹಗಲಲ್ಲೇ ತಿರುಗುತ್ತವೆ. ಮಳೆಗೆ ಮುಂಚಿನ ವಾರಗಳಲ್ಲಿ ಹೆಣ್ಣು ಮೈಯಿಂದಲೇ ದರಕು ಎಳೆದು ಗುಪ್ಪೆ ಮಾಡಿ ಮೊಟ್ಟೆ ಇಡುತ್ತದೆ. ಯಾರೂ ಒಟ್ಟದ ಜಾಗದಲ್ಲಿ ಅಚ್ಚುಕಟ್ಟಾದ ಎಲೆಗುಪ್ಪೆ ಕಂಡರೆ ಕೈ ಹಾಕದೆ ಇಲಾಖೆಗೆ ತಿಳಿಸಿ. ಗಡಿ ಸುತ್ತುವಾಗ ತಂತಿಯ ಉರುಳು ಸಿಕ್ಕರೂ ತಿಳಿಸಬೇಕು. ಹಿಟ್ಟಿನಲ್ಲೋ ಹಣ್ಣಿನಲ್ಲೋ ಸುತ್ತಿದ ಸಿಡಿಮದ್ದಿನ ಉಂಡೆಯಂಥದು ಕಂಡರೆ ಮುಟ್ಟಲೇಬೇಡಿ.

ನೀರು

ಹೊಳೆಗುಂಡಿ ಇನ್ನೂ ಹನಿಯುತ್ತಿದ್ದರೆ ಹೊಸ ತೊಟ್ಟಿ ಕಟ್ಟುವ ಬದಲು ಆ ಗುಂಡಿಯಿಂದ ತೋಟಕ್ಕೆ ಪಂಪು ಹಾಕುವುದನ್ನು ನಿಲ್ಲಿಸಿ. ಏನೂ ಇಲ್ಲದ ಒಣ ಬೆಟ್ಟಕ್ಕೆ ಮಾತ್ರ ತೊಟ್ಟಿ. ಆರೂವರೆ ಅಡಿ ಅಡ್ಡಳತೆ, ನಡುವೆ ಒಂದು ಅಡಿಗಿಂತ ಚೂರು ಹೆಚ್ಚು ಆಳ, ತಟ್ಟೆಯಂತೆ ಸುತ್ತಲೂ ಇಳಿಜಾರು, ಮೇಲೆ ಒರಟು ಕಲ್ಲು ಕೂರಿಸಿದ್ದು: ಸುಮಾರು 550 ಲೀಟರ್ ಹಿಡಿಯುತ್ತದೆ. ಮಾರ್ಚ್, ಏಪ್ರಿಲಿನ ಬಿಸಿಲಿಗೆ ದಿನಕ್ಕೆ ಹದಿನೈದಿಪ್ಪತ್ತು ಲೀಟರ್ ಆವಿಯಾಗಿಯೇ ಹೋಗುತ್ತದೆ. ವಾರಕ್ಕೊಮ್ಮೆ ಬಳಿದು ತೊಳೆದು ತುಂಬಿದರೆ ಸೊಳ್ಳೆ ಮರಿ ಆಗುವುದಿಲ್ಲ. ನೇರ ಗೋಡೆಯ ಸಿಮೆಂಟ್ ತೊಟ್ಟಿ, ಕಟ್ಟೆಯಿಲ್ಲದ ಬಾವಿ ಪುನುಗು, ಅಳಿಲು, ಕಪ್ಪೆಗೆ ಸಾವಿನ ಗುಂಡಿ. ಒಳಗೆ ಒರಟು ಟೊಂಗೆ ಇಳಿಬಿಡಿ. ಮನೆ, ಕೊಟ್ಟಿಗೆಯ ಹತ್ತಿರ ತೊಟ್ಟಿ ಇಟ್ಟರೆ ಹಂದಿಯ ಹಿಂದೆ ಚಿರತೆಯೂ ಬರುತ್ತದೆ.

ಬೀಜ

ಬೀಜ ಆರಿಸುವಾಗ ಒಂದೇ ಜಾತಿಯ ಐದಾರು ಮರಗಳಿಂದ ತೆಗೆಯಿರಿ, ಒಂದು ಮರದ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಬಟ್ಟೆ ಚೀಲ ಒಯ್ಯಿರಿ, ಪ್ಲಾಸ್ಟಿಕ್ಕಿನಲ್ಲಿ ಬೆವರಿ ಬೂಸ್ಟು ಹಿಡಿಯುತ್ತದೆ. ಹೊನ್ನೆಯ ರೆಕ್ಕೆ ಕತ್ತರಿಸಿ ಒಂದೆರಡು ದಿನ ತಣ್ಣೀರಿನಲ್ಲಿ ನೆನೆಸಿ ಬಿತ್ತುವುದು. ಮತ್ತಿಯ ಐದು ರೆಕ್ಕೆಯ ಕಾಯಿಗಳಲ್ಲಿ ಪೊಳ್ಳು ಬಹಳ. ಹತ್ತು ಕಾಯಿ ಸೀಳಿ ನೋಡಿ, ಆರರಲ್ಲಾದರೂ ಬಿಳಿ ತಿರುಳು ಇಲ್ಲದಿದ್ದರೆ ಆ ಮರ ಬಿಟ್ಟು ಮುಂದಿನದಕ್ಕೆ ಹೋಗಿ. ಇದನ್ನೂ ಎರಡು ದಿನ ನೆನೆಸಬೇಕು. ಬೀಟೆಯ ಕೋಡು ಬಿಡಿಸುವ ಗೋಜು ಬೇಡ, ಬೀಜವಿರುವ ಉಬ್ಬಿನ ಆಚೀಚೆ ತುಂಡರಿಸಿದರೆ ಸಾಕು. ನಂದಿಯ ಕಾಯಿ ಬಿರಿಯುವ ಮುಂಚೆ, ಕಂದು ತಿರುಗಿದಾಗಲೇ ಇಳಿಸಿ ನೆರಳಲ್ಲಿ ಬಟ್ಟೆಯ ಮೇಲೆ ಹರಡಿ. ತಡವಾದರೆ ರೆಕ್ಕೆಬೀಜ ಗಾಳಿಪಾಲು.

ಏಪ್ರಿಲಿನಿಂದ ಬೀಳುವ ಶಿವನೆ ಹಣ್ಣಿನ ಗೊರಟೆ ಕಾಡುಕುರಿ, ಜಿಂಕೆ ಮಲಗುವ ಜಾಗದಲ್ಲಿ ರಾಶಿಯಾಗಿ ಸಿಗುತ್ತವೆ. ಅವು ಹಣ್ಣು ನುಂಗಿ, ಮೆಲುಕಿನಲ್ಲಿ ಗೊರಟೆ ಉಗುಳಿರುತ್ತವೆ, ತಿರುಳು ತೊಳೆಯುವ ಕೆಲಸ ಉಳಿಯಿತು. ಮುರುಗಲು, ನೇರಳೆ, ಮಾವು, ಹಲಸು ಕೂಡಿಡುವ ಬೀಜಗಳೇ ಅಲ್ಲ. ಒಣಗಿದರೆ ಸತ್ತಂತೆ. ಹಣ್ಣು ತಿಂದ ವಾರದೊಳಗೆ ಮಣ್ಣು ತುಂಬಿದ ಸಸಿ ಚೀಲದಲ್ಲಿ ಬಿತ್ತಿ. ಮುರುಗಲಿನಲ್ಲಿ ಗಂಡು ಹೆಣ್ಣು ಬೇರೆ ಬೇರೆ ಗಿಡ, ಬೀಜದ ಸಸಿಯಲ್ಲಿ ಅರ್ಧದ ಹತ್ತಿರ ಗಂಡೇ ಬರುತ್ತವೆ ಎಂಬ ಲೆಕ್ಕದಲ್ಲಿ ಹೆಚ್ಚು ಎಬ್ಬಿಸಿ.

ಇಂಗುಗುಂಡಿ ತೆಗೆಯುವವರು ಹತ್ತು ಅಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಹಿಡಿಯಿರಿ, ಸಾವಿರದ ನೂರು ಲೀಟರ್ ನಿಲ್ಲುತ್ತದೆ. ಸಮಪಾತಳಿಯಲ್ಲಿ ಒಂದರ ಕೆಳಗೆ ಇನ್ನೊಂದು ಬಾರದಂತೆ, ಮರದ ಬುಡದಿಂದ ಆರಡಿ ಬಿಟ್ಟು. ಫೆಬ್ರವರಿ ದಾಟಿದರೆ ಜಂಬಿಟ್ಟಿಗೆ ಹಾರೆಗೂ ಬಗ್ಗುವುದಿಲ್ಲ. ಕಡಿದಾದ ಧರೆಯ ನೆತ್ತಿಯಲ್ಲಿ ಮಾತ್ರ ಗುಂಡಿ ಬೇಡವೇ ಬೇಡ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿದ್ದು ನೆನಪಿರಲಿ, ನೀರು ಕುಡಿದ ಮಣ್ಣು ಭಾರ ತಡೆಯುವುದಿಲ್ಲ.

ರೇವತಿ, ಅಶ್ವಿನಿಯ ಒಂದೆರಡು ಮಳೆ ಬಿದ್ದ ವಾರದಲ್ಲಿ ಹಕ್ಕಿ ಕೂರುವ ಮರಗಳ ಅಡಿಗೆ ಹೋಗಿ ನೋಡಿ. ಪಿಕಳಾರ ಉದುರಿಸಿದ ಲಂಟಾನದ ಬೀಜ ಅಲ್ಲೇ ಮೊಳೆತಿರುತ್ತದೆ, ಬೆರಳೆತ್ತರ ಇರುವಾಗ ಎರಡು ಬೆರಳಲ್ಲಿ ಎಳೆದರೆ ಬೇರು ಸಮೇತ ಬರುತ್ತದೆ. ಮೊದಲ ಮಳೆಗೆ ರೇಖೆ ಗುಡಿಸುವುದನ್ನು ನಿಲ್ಲಿಸಬೇಡಿ, ಮೂರು ದಿನದ ಬಿಸಿಲಿಗೆ ದರಕು ಮತ್ತೆ ಗರಿಗರಿ. ನೆಲ ಎರಡು ಇಂಚು ಆಳಕ್ಕೆ ತೇವ ಹಿಡಿದು, ವಾರವಾದರೂ ಹಾಗೇ ಉಳಿದ ಮೇಲೆ ಹಲುಬೆ ಅಟ್ಟಕ್ಕೆ ಏರಿಸಿ.